ಒಸಾಕಾದಲ್ಲಿ ಉಳಿದ ಕರಡಿಗೆ

ಮೈಸೂರು ರೈಲ್ವೆ ಸ್ಟೇಷನ್ನಿನ ಆಟೋ ಕ್ಯೂ. ನನ್ನ ಮುಂದೆ ವಿಮಾನದ ಚೀಟಿ ಅಂಟಿದ ಸೂಟ್‌ಕೇಸು, ಅದರ ಮೇಲೆ ಕುಸಿದು ಕೂತ ಗಂಡ, ಪಕ್ಕದಲ್ಲಿ ಹೆಂಡತಿ. ನಾನು ಆಟೋ ಕಡೆ ಕಣ್ಣಿಟ್ಟು, ಕಿವಿಯನ್ನು ಅವರಿಗೇ ಒಪ್ಪಿಸಿದೆ.

"ಹೊಸಿಲು ದಾಟ್ತಿದ್ದಂಗೆ ಅಮ್ಮ ನನ್ನ ಕೊರಳು ನೋಡ್ತಾರೆ ಕಣೆ, ಸುಷ್ಮಾ."

"ನೋಡ್ದೆ ಇರ್ತಾರಾ? ದೀಕ್ಷೆ ಆದಾಗಿಂದ ಇದ್ದ ಲಿಂಗ! ಅದ್ಹೆಂಗೆ ಬಿಚ್ಚಿದ್ರಿ?"

"ಅದು ಭಾರಿ ಹೋಟೆಲ್ ಕಣೆ. ಹೊರಗೆ ಒಸಾಕಾ ಸಂತೆ, ಒಳಗೆ ಬಿಸಿನೀರಿನ ಕೊಳ. ಇಳಿಯೋರ ಮೈಮೇಲೆ ಒಂದು ದಾರಾನೂ ಇರಬಾರದು ಅಂತ ಅಲ್ಲಿ ಕೌಂಟರ್ ಹುಡುಗಿ ಬಗ್ಗಿ ಬಗ್ಗಿ ಹೇಳಿದ್ಳು. ಲಿಂಗದ ಕರಡಿಗೆ ಬಿಚ್ಚಿ ಬುಟ್ಟೀಲಿಟ್ಟೆ, ಅಲ್ಲೇ ಮರೆತು ಬಂದ್ಬುಟ್ಟೆ."

"ಇನ್ನೊಂದ್ಸಲ ಬಗ್ಗಿದ್ರೆ ತಲೇನೂ ಬಿಚ್ಚಿಡ್ತಿದ್ರಿ. ಫೋನ್ ಮಾಡಿದ್ರಲ್ಲ, ಏನಂದ್ರು?"

"'ಹೈ, ಹೈ' ಅಂತ ಹೂಂಗುಟ್ಟಿದ್ರು. ಆದ್ರೆ ಸಿಕ್ಕಿಲ್ಲ." ಹೇಳುವಾಗ ಅವನೂ ಬಗ್ಗಿದ, ಏಳಲಿಲ್ಲ.

"ಬ್ಯಾಗಲ್ಲಿದೆ ಅನ್ನಿ, ಅತ್ತೆ ನಂಬ್ತಾರೆ."

"ಈ ವಿಷ್ಯದಲ್ಲಿ ಸುಳ್ಳಾ?"

"ಪೂಜೆಗೆ ಕೂತ್ಕೊಳ್ಳಿ ಅಂದ್ರೆ ಮೀಟಿಂಗು ಅಂತ ಓಡ್ತಿದ್ದೋರು ನೀವೇನಾ? ಮೊದ್ಲು ಕಾಫಿ ಕುಡೀರಿ. ವಿಮಾನದಲ್ಲೂ ತಿನ್ಲಿಲ್ಲ ಅಂದ್ರಿ, ನಾನು ಏರ್‌ಪೋರ್ಟಿಂದ ಕರ್ಕೊಂಡು ಬರೋವಾಗ ರೈಲಲ್ಲಿ ವಡೇನೂ ಬೇಡ ಅಂದ್ರಿ."

"ಬೇಡ."

"ಯಾಕ್ರೀ?"

"ಲಿಂಗ ಇಲ್ದೆ ಬಾಯಿಗೆ ಹೆಂಗೆ ಹಾಕ್ಲಿ?"

"ಅಯ್ಯೋ! ಒಸಾಕಾದಿಂದಲೂ? ನೀರೂ?"

"ನೀರೂ ಇಳೀಲಿಲ್ಲ. ಅಮ್ಮಂಗಲ್ಲ ಕಣೆ ನಾನು ಹೆದರಿರೋದು."

ಆಟೋ ಬಂತು. ಸೂಟ್‌ಕೇಸನ್ನು ಅವಳೇ ಎತ್ತಿ ಒಳಗಿಟ್ಟಳು.

"ಎಲ್ಲಿಗಮ್ಮಾ?"

"ಒಂಟಿಕೊಪ್ಪಲ್ ಮನೆಗೆ ಆಮೇಲೆ. ಮೊದ್ಲು ಮಠಕ್ಕೆ ನಡಿಯಪ್ಪ, ಸ್ವಾಮಿಗಳು ಪೂಜೆಗೆ ಕೂರೋದ್ರೊಳಗೆ ಇವರಿಗೆ ಹೊಸ ಲಿಂಗ ಕಟ್ಟಿಸ್ಬೇಕು."