ಸರ್ ಅನ್ನು ಅಂದಿದ್ದೆ

ಕದ್ದು ಕೇಳುವ ಬುದ್ಧಿ ದಾಕ್ಷಾಯಣಿಯದಲ್ಲ. ಆದರೆ ಅವಳು ಕುಳಿತಿದ್ದ ಶಿವಮೊಗ್ಗದ ಆಸ್ಪತ್ರೆಯ ಬೆಂಚು ಚಿಕ್ಕದು. ಪಕ್ಕದಲ್ಲಿ ಕುಳಿತವರು ಭದ್ರಾವತಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಯಾವುದೋ ಫೌಂಡ್ರಿಯವರು: ಒಬ್ಬ ಹೊಸ ಸೂಪರ್‌ವೈಸರ್, ಇನ್ನೊಬ್ಬರು ಅವನಿಗೆ ಕೆಲಸ ಕಲಿಸಿದ ಮುದಿ ಮೇಸ್ತ್ರಿ.

“ಅಚ್ಚು ಹಸಿ ಇದ್ರೆ ಕರಗಿದ ಕಬ್ಬಿಣ ಸಿಡಿಯುತ್ತೆ. ಸುರಿಯೋ ಮುಂಚೆ ಅಂಗೈ ಇಟ್ಟು ನೋಡ್ಲಿಲ್ವೇನೋ ಜ್ಞಾನೇಶ?”

“ಅದನ್ನ ಅಚ್ಚಿನ ಕೆಲಸದ ಜಮ್ಶೀದ್‌ಗೆ ಬಿಟ್ಟಿದ್ದೆ ಮೇಸ್ತ್ರಿ. ಲೀಡರ್ ಆದೋನು ಎಲ್ಲಾ ತಾನೇ ಮಾಡಬಾರ್ದು ಅಂತ ಟ್ರೈನಿಂಗಲ್ಲಿ ಹೇಳಿದ್ರು.”

“ಅವನು ನೋಡ್ಲಿಲ್ವಾ?”

“ನೋಡಿದ್ದ. ಹಸಿ ಅಂತ ಗೊತ್ತಾಗಿತ್ತಂತೆ.”

“ಮತ್ತೆ ಬಾಯಿಬಿಡೋಕೆ ಏನಾಗಿತ್ತು ಮಾರಾಯ? ‘ಏ, ನಿಲ್ಸೋ’ ಅಂದಿದ್ರೆ ಆಗ್ತಿತ್ತು!”

“ಹೋದ ವಾರ ಹಂಗೇ ಅಂದಿದ್ದ. ಎಲ್ಲರೆದುರು ಬೈದೆ. ಇನ್ಮೇಲೆ ಸರ್ ಅನ್ನು, ಕೇಳಿದ್ರೆ ಮಾತ್ರ ಮಾತಾಡು ಅಂದೆ.”

“ಈ ಸಲ ಕೇಳಿದ್ಯಾ?”

“ಇಲ್ಲ. ಸುರಿ ಅಂದೆ.”

ವಾರ್ಡಿನ ಬಾಗಿಲು ತೆರೆಯಿತು. ಜಮ್ಶೀದನ ಹೆಂಡತಿ ಸೆರಗು ತಲೆಗೆಳೆದುಕೊಂಡು ನಿಂತಿದ್ದಳು.

“ಸರ್, ನಿಮ್ಮನ್ನ ಕೇಳ್ತಿದಾರೆ. ಅವರಿಗೀಗ ಕಣ್ಣು ಕಾಣಲ್ಲ, ಬಂದು ಏನಾದ್ರೂ ಮಾತಾಡಿ.”

ಮೇಸ್ತ್ರಿ ಜ್ಞಾನೇಶನ ರಟ್ಟೆ ಹಿಡಿದು ಎಬ್ಬಿಸಿದರು.

“ಸರ್ ಅನ್ಬೇಡಮ್ಮ,” ಎಂದ ಜ್ಞಾನೇಶ.

“ಹಂಗೇ ಅನ್ಬೇಕು ಅಂತ ಅವರೇ ಹೇಳಿ ಕಳ್ಸಿದ್ರು ಸರ್,” ಎಂದು ಆಕೆ ಬಾಗಿಲು ಬಿಟ್ಟು ಸರಿದಳು.