ಕಾಡೀರುಳ್ಳಿ ಅರಳೋ ಹೊತ್ತು

ದೀಪ ಸಣ್ಣಗ್ ಮಾಡವ್ವ. ನಗೋರು ಈಗ್ಲೇ ಎದ್ದೋಗಿ. ಇದು ನಮ್ ದೊಡ್ಡಪ್ಪನ ಮಗ ಕೆಂಚಯ್ಯಂಗೆ ಆದದ್ದು, ಅರವತ್ನಾಲ್ಕನೇ ಇಸ್ವೀಲಿ. ನಾನಾಗ ಅವ್ರ ಮನೇಲೇ ಇದ್ದೆ.

ಹನೂರು ಸಂತೆ ಮುಗಿಸ್ಕಂಡು ಅಂವ ಅಜ್ಜೀಪುರಕ್ಕೆ ನಡ್ಕ ಬತ್ತಿದ್ದ. ಹೊತ್ತು ಮುಳುಗಿತ್ತು. ಊರಾಚೆ ಒಂದು ಹಾಳ್ ಬಾವಿ... ಸುತ್ತ ಕಾಡೀರುಳ್ಳಿ. ಬ್ಯಾಸ್ಗೇಲಿ ಅದಕ್ಕೆ ಎಲೆ ಇರಾದಿಲ್ಲ, ಬರೀ ಕಡ್ಡಿ, ಕಡ್ಡಿ ತುಂಬ ಬೂದು ಹೂವು. ಹಗಲೆಲ್ಲ ಮುದುರ್ಕಂಡಿದ್ದು ಸಂಜೆಗೆ ಅರಳ್ತವೆ. ಆ ಹೊತ್ನಲ್ಲಿ ಅಲ್ಲಿ ದೆವ್ವ ಗಾಳಿ ಓಡಾಡ್ತದೆ ಅಂತ ಊರೋರೆಲ್ಲ ಎದರೋರು.

"ಕೆಂಚಯ್ಯಾ..."

ನಿಂತ್ಕಂಡ. ಹೂವಿನ ಕಡೆಯಿಂದ ಎಣ್ಣಿನ ದನಿ. ಅದ್ರ ಹಿಂದೇನೇ ಪರಪರ ಅಂತ ಮಣ್ಣು ಉದುರೋ ಸದ್ದು.

"ಕೆಂಚಯ್ಯಾ..."

ದನಿ ಅವನ ಎಡ್ತಿ ಚೆಲುವಮ್ಮಂದೇ! ಆದ್ರೆ ಏಳೊರ್ಸದ ಸಂಸಾರದಲ್ಲಿ ಆಯಮ್ಮ ಗಂಡನ ಎಸ್ರು ಒಂದಿನ ಯೋಳಿದ್ದಿಲ್ಲ. ಮದ್ವೇಲಿ ಎಸ್ರು ಯೋಳಮ್ಮಿ ಅಂತ ಕಾಡುದ್ರೂ ಬಾಯ್ ಬುಡ್ನಿಲ್ಲ. "ಇವ್ರೇ" ಅನ್ನೋಳು, ಅಷ್ಟೇಯ. ನನ್ನೋಳಾಗಿದ್ರೆ ಎಸ್ರಿಡ್ದು ಕೂಗಾಳಾ? ಇದು ಗಾಳಿ, ಅವಳ ದನಿ ಕದ್ದದೆ... ಅಂದ್ಕಂಡು ಓಗೊಡ್ನಿಲ್ಲ, ತಿರುಗೂ ನೋಡ್ನಿಲ್ಲ. ಮಾದಪ್ಪಾ ಮಾದಪ್ಪಾ ಅಂತ ಓಡ್ಬಂದ.

ಮನೇಲಿ ಒಲೆ ಅಚ್ಚಿರ್ನಿಲ್ಲ.

"ಚೆಲ್ವಿ ಎಲ್ಲವ್ವ?"

"ಸೌದೆಗೆ ಓದೋಳು ಇನ್ನೂ ಬಂದಿಲ್ಲ ಕಣಣ್ಣ" ಅಂದೆ ನಾನು.

"ಹಾಳ್ ಬಾವಿ ತಾವ ಕರದೋಳು ಅವಳೇ ಕಣವ್ವ!" ಅಂತ ಅಂವ ಹೊಸ್ಲಿಂದ್ಲೇ ತಿರುಗಿ ಓಡ್ದ.

ಪಂಜು ತಕಂಡು ಓದ್ವಿ. ಬಾವಿ ಅಂಚು ಕುಸ್ದು ಒಳಕ್ಕೆ ಬಿದ್ದಿದ್ಲು. ನೀರಿಲ್ದ ಬಾವಿ. ಮಣ್ಣು ಕೆರ್ದು ಕೆರ್ದು ಉಗುರೆಲ್ಲ ಕಿತ್ತೋಗಿದ್ವು. ಪ್ರಾಣ ಓಗಿತ್ತು, ಮೈ ಇನ್ನೂ ಬೆಚ್ಚಗಿತ್ತು. ಥೂ! ಸಾಯೋ ಹೊತ್ನಲ್ಲಿ ನಾಚ್ಕೆ ಬುಟ್ಟು ಗಂಡನ ಎಸ್ರು ಕರದ್ಲಲ್ಲ, ಅದೇ ಅವಳ ತಪ್ಪಾಯ್ತಾ? ನಂಗೆ ಇವತ್ತೂ ಹೊಟ್ಟೆ ಉರೀತದೆ.

ಮಾರ್ನೇ ವರ್ಸ ಹೂ ಬುಟ್ಟಾಗ ಸುರುವಾಯ್ತು. ಅರಳ್ತಿದ್ದಂಗೆ "ಕೆಂಚಯ್ಯಾ..." ಮೂರು ಸಲ. ನಾನು ಕೇಳೀನಿ. ದನ ಅಟ್ಕಂಡು ಬರೋರು ಕೇಳವ್ರೆ. ಅಂವ ದಿನಾ ಸಂಜೆ ಓಗಿ ಆ ಹೂವಿನ ನಡುವೆ ಕೂರೋನು, ಓ ಅನ್ನಾಕೆ.

"ಕರದ್ಲಾ ತಂಗಿ?" ಅಂತ ನನ್ ಕಿವೀಲಿ ಪಿಸುಗುಟ್ಟೋನು.

"ಈಗ್ತಾನೆ ಕರದ್ಲಲ್ಲಣ್ಣ..."

"ನಂಗ್ ಕೇಳ್ನಿಲ್ಲವ್ವ."

ಕಿವುಡನಾ? ಅಲ್ಲ. ದೂರದ ಎತ್ತಿನ ಗಂಟೆ ಕೇಳೋದು, ಬೆಟ್ಟದ ಬಸ್ಸಿನ ಹಾರನ್ನು ಕೇಳೋದು. ಸಾಯೋಗಂಟ ಹನ್ನೊಂದು ವರ್ಸ ಕೂತ. ಊರಿಗೆಲ್ಲ ಕೇಳೋದು ಅವನಿಗೊಬ್ಬನಿಗೆ ಕೇಳ್ನಿಲ್ಲ. ನಂಬುದ್ರೆ ನಂಬಿ, ಬುಟ್ರೆ ಬುಡಿ. ನಾನು ಪಕ್ಕದಲ್ಲೇ ಕೂತಿದ್ದೆ.