ಬಾವಿ ಹತ್ತಿರ ಎಡಕ್ಕೆ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಿದ್ರೆ ನಾನು ಎದ್ದು ಹೋಗ್ತೀನಿ. ಇದು ಅವರಿವರ ಬಾಯಲ್ಲಿ ಕೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು. ಆಸಾಮಿ ಇನ್ನೂ ಗಟ್ಟಿಮುಟ್ಟಾಗಿದ್ದಾನೆ, ಬೇಕಾದ್ರೆ ಹೋಗಿ ಕೇಳಿ.

ರಾತ್ರಿ ಹತ್ತೂಮುಕ್ಕಾಲು. ಆಫೀಸಿಗೆ ಬೀಗ ಹಾಕಿ ಮನೆಗೆ ನಡ್ಕೊಂಡು ಬರ್ತಿದ್ದ. ದಾರೀಲಿ ಒಂದು ಹಳೇ ಬಾವಿ. ನೀರು ಸೇದೋರು ಯಾರೂ ಇಲ್ಲ, ಆದ್ರೆ ರಾಟೆ ಇನ್ನೂ ಇದೆ. ಗಾಳಿ ಬೀಸಿದ್ರೆ 'ಕಿರ್ರ್...' ಅನ್ನುತ್ತೆ. ಆವತ್ತು ಗಾಳಿ ಇರಲಿಲ್ಲ. ಬೇರೆ ಸದ್ದು ಇತ್ತು. ಟಿಕ್... ಟಕ್... ಟಿಕ್... ಟಕ್...

ತಾಳಿ, ತಾಳಿ. ಮೊದಲು ಅವನ ಕೆಲಸ ಏನು ಅಂತ ಹೇಳಬೇಕು. ಇಲ್ಲದಿದ್ರೆ ನಿಮಗೆ ತಲೆಬುಡ ಗೊತ್ತಾಗಲ್ಲ.

ಸಮುದ್ರ ನೋಡೋಕೆ ಬರೋರಿಗೆ ಡ್ರೈವರ್ ಇಲ್ಲದೆ ಕಾರು ಬಾಡಿಗೆಗೆ ಕೊಡೋ ಆಫೀಸು ಅದು. ನೀವೇ ಓಡಿಸ್ಕೊಂಡು ಹೋಗಿ, ನೀವೇ ವಾಪಸ್ ತಂದು ನಿಲ್ಲಿಸಿ. ದಡದ ಉದ್ದಕ್ಕೂ ಹೋಗಿ ದೀಪಸ್ತಂಭ, ಆಮೇಲೆ ಒಳನಾಡಿನ ಗುಡ್ಡ, ಜಲಪಾತ. ಗುಡ್ಡದಲ್ಲಿ ಫೋನು ಸಿಗಲ್ಲ. ಅದಕ್ಕೇ ಪ್ರತಿ ಕಾರಿನಲ್ಲೂ ಎರಡು ದಾರಿಚೀಟಿ ಇಡ್ತಿದ್ರು. ಹೋಗೋದಕ್ಕೆ ಒಂದು, ಬರೋದಕ್ಕೆ ಒಂದು. ಆ ಚೀಟಿ ಬರೆಯೋನೇ ಇವನು. ಮೀಟರನ್ನ ಸೊನ್ನೆಗೆ ತಂದು ಹೊರಟ್ರೆ, ಒಂದೊಂದು ತಿರುವಿಗೂ ಕಾರು ನಿಲ್ಲಿಸಿ ಬರ್ಕೊಳ್ಳೋನು. 'ಆರೂವರೆ ಕಿಲೋಮೀಟರ್, ಸೇತುವೆ, ಎಡಕ್ಕೆ.' ಮನೇಲೂ ಅದೇ ಚಾಳಿ. ಮದುವೆ ಊಟಕ್ಕೆ ಹೋದಾಗ ಯಾರಾದ್ರೂ ಕೈ ತೊಳೆಯೋದು ಎಲ್ಲಿ ಅಂದ್ರೆ, "ಹದಿನೆಂಟು ಹೆಜ್ಜೆ, ಕಂಬ, ಬಲಕ್ಕೆ" ಅಂತಿದ್ದ. ನಾವೆಲ್ಲ ಅವನನ್ನ ಮೀಟರಣ್ಣ ಅಂತಲೇ ಕರೆಯೋದು.

ಅಂಥೋನು ಒಂದು ತಪ್ಪು ಮಾಡಿದ. ಹೋಗೋ ಚೀಟಿಯನ್ನ ದಾರಿಯುದ್ದಕ್ಕೂ ಕಾರು ಓಡಿಸಿ ಬರೆದ. ಬರೋ ಚೀಟಿಯನ್ನ ಮೇಜಿನ ಮುಂದೆ ಕೂತು, ಅದನ್ನೇ ಕೆಳಗಿಂದ ಮೇಲಕ್ಕೆ ನೋಡಿ ಬರೆದ. ಹೋಗುವಾಗ ಎಡ ಆಗಿದ್ದು ಬರುವಾಗ ಬಲ ಆಗುತ್ತೆ, ಬಲ ಎಡ ಆಗುತ್ತೆ, ಅಷ್ಟೇ ತಾನೇ? ಮೂವತ್ತೊಂದು ತಿರುವು ಸರಿಯಾಗಿ ಬದಲಾಯಿಸಿದ. ಒಂದನ್ನ ಬಿಟ್ಟ. ಅದೂ ಯಾವುದು? ದಿನಾ ಮನೆಗೆ ಹೋಗೋ ದಾರಿಯ ಬಾವಿ! ಕಣ್ಣು ಮುಚ್ಚಿದ್ರೂ ಗೊತ್ತಿರೋ ಜಾಗ ಅಂತ ಕಣ್ಣು ಮುಚ್ಕೊಂಡೇ ಬರೆದುಬಿಟ್ಟ. 'ಬಾವಿ, ಬಲಕ್ಕೆ.'

ಗುಡ್ಡದಿಂದ ಇಳಿದು ಬಂದ್ರೆ ಬಾವಿಯಿಂದ ಎಡಕ್ಕೆ ಊರು. ಬಲಕ್ಕೆ... ಹಿಂದೆ ಕಾರುಗಳನ್ನ ದೋಣಿಗೆ ಹತ್ತಿಸ್ತಿದ್ದ ಇಳಿಜಾರು. ಸೇತುವೆ ಬಂದ ಮೇಲೆ ದೋಣಿ ನಿಂತು ಹೋಯ್ತು. ರಸ್ತೆ ಮಾತ್ರ ಹಾಗೇ ನೀರಿಗೆ ಇಳಿಯುತ್ತೆ.

ಇವನು ಆ ಸದ್ದು ಕೇಳಿದ ದಿನಕ್ಕೆ ಎಂಟು ತಿಂಗಳ ಮುಂಚೆ, ಮಂಜು ಕವಿದ ರಾತ್ರಿ, ಒಬ್ಬ ಟೀಚರಮ್ಮ ಬಾಡಿಗೆ ಕಾರಿನ ಸಮೇತ ಆ ನೀರಿಗೆ ಹೋದಳು. ಒಬ್ಬಳೇ ಇದ್ದಳು.

ಮಾರನೇ ದಿನ ಕಾರು ಎಳೆದರು. ಒಳಗಿದ್ದ ಚೀಟಿ ನೆನೆದು ಮುದ್ದೆಯಾಗಿತ್ತು. ಮೀಟರಣ್ಣ ಆಫೀಸಿಗೆ ಓಡಿಹೋಗಿ ಉಳಿದ ಚೀಟಿ ತೆಗೆದು ನೋಡಿದ. 'ಬಾವಿ, ಬಲಕ್ಕೆ.' ಅಷ್ಟನ್ನೂ ಸುಟ್ಟ, 'ಎಡಕ್ಕೆ' ಅಂತ ಹೊಸದು ಬರೆದಿಟ್ಟ, ಬಾಯಿಗೆ ಬೀಗ ಹಾಕ್ಕೊಂಡ. ಕೆಲಸ ಹೋಗುತ್ತೆ, ಜೈಲಾಗುತ್ತೆ, ಮನೇಲಿ ಹೆಂಡತಿ ಮಕ್ಕಳಿದ್ದಾರೆ. ಅವನು ನನಗೆ ಅನ್ನ ಹಾಕಿದ ಅಣ್ಣ, ಆದ್ರೂ ಹೇಳ್ತೀನಿ. ಅದು ಪಾಪ.

ಯಾಕೆ ಅಂದ್ರೆ ಜನರ ನಾಲಿಗೆಗೆ ಎಲುಬಿಲ್ಲ ನೋಡಿ. ಗಂಡನ್ನ ಬಿಟ್ಟು ಬಂದೋಳು, ಒಬ್ಬಳೇ ಸುತ್ತೋಕೆ ಹೋದೋಳು... ಬೇಕಂತಲೇ ನೀರಿಗೆ ಇಳಿಸಿದಾಳೆ ಅಂದರು. ಅದು ಆ ಹುಡುಗಿಯ ತಾಯಿ ಕಿವಿಗೂ ಬಿತ್ತು.

ನಾನು ಹೇಳ್ತಿರೋ ದಿನ ಆ ತಾಯಿ ಆಫೀಸಿಗೆ ಬಂದಿದ್ರು. ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚೀಲಿ ಸಂಜೆವರೆಗೂ ಕೂತಿದ್ರು. "ಮೆಕ್ಯಾನಿಕ್ ಹೇಳಿದ, ಕಾರಿನ ಇಂಡಿಕೇಟರ್ ಬಲಕ್ಕೆ ಹಾಕಿತ್ತಂತೆ. ಸಾಯೋಕೆ ಹೋಗೋಳು ಯಾರಿಗಪ್ಪಾ ಇಂಡಿಕೇಟರ್ ಹಾಕ್ತಾಳೆ?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ಇವನಿಗೆ. ಒಂದು ಲೋಟ ನೀರು ಕೊಟ್ಟು, "ನನಗೇನೂ ಗೊತ್ತಿಲ್ಲಮ್ಮ" ಅಂದ.

ಅವರು ಬಸ್ ಸ್ಟ್ಯಾಂಡಿನ ಹಿಂದಿನ ಲಾಡ್ಜಿಗೆ ಹೋದರು. ಬೆಳಿಗ್ಗೆ ಬಸ್ಸಿಗೆ ಊರಿಗೆ. ಇವನು ದೀಪ ಆರಿಸಿ, ಕತ್ತಲಲ್ಲೇ ಕೂತಿದ್ದು ಹತ್ತೂವರೆಗೆ ಎದ್ದ.

ಈಗ ಬಾವಿ ಹತ್ತಿರ ಬನ್ನಿ.

ಟಿಕ್... ಟಕ್...

ದಿನಾ ಕಾರಿನ ಜೊತೆ ಬದುಕೋನಿಗೆ ಆ ಸದ್ದು ಗೊತ್ತಾಗಲ್ವಾ? ಕಾರಿನೊಳಗೆ ಕೂತಾಗ ಕೇಳಿಸೋ ಇಂಡಿಕೇಟರ್ ಸದ್ದು. ಆದ್ರೆ ಇವನು ಹೊರಗೆ ನಿಂತಿದ್ದಾನೆ. ಗುಡ್ಡದ ರಸ್ತೆ ಬಾಯಲ್ಲಿ ಒಂದು ಕಾರು. ದೀಪ ಇಲ್ಲ. ಇಂಜಿನ್ ಸದ್ದಿಲ್ಲ. ಗಾಜು ಇಳೀತು... 'ಝ್ಝ್...' ಅಂತ, ನಿಧಾನಕ್ಕೆ. ಕಾರಿನ ಕೆಳಗಿಂದ ನೀರು ತೊಟ್ಟಿಕ್ಕುತ್ತಿತ್ತು. ತಪ್... ತಪ್...

"ಇಲ್ಲಿಂದ... ಎಡಕ್ಕಾ, ಬಲಕ್ಕಾ?"

ಪಿಸುಮಾತು. ಹೆಣ್ಣುದನಿ.

ಮೀಟರಣ್ಣನಿಗೆ ಓಡಬೇಕು ಅನ್ನಿಸಿತಂತೆ, ಆದ್ರೆ ಬಾವಿಕಟ್ಟೆ ಹಿಡ್ಕೊಂಡು ನಿಂತುಬಿಟ್ಟನಂತೆ.

"ಎ... ಎಡಕ್ಕೆ."

"ಚೀಟೀಲಿ ಬಲಕ್ಕೆ ಅಂತಿದೆಯಲ್ಲಾ."

ಒಳಗೆ ಕಾಗದ ಮಡಚಿದ ಸದ್ದು. ಒದ್ದೆ ಕಾಗದ ಅಲ್ಲ... ಗರಿಗರಿ ಕಾಗದ.

"ಅದು ತಪ್ಪು."

"ಯಾರದು?"

ಟಿಕ್... ಟಕ್... ಟಿಕ್... ಟಕ್... ಎಷ್ಟು ಹೊತ್ತು ಅಂತ ಕೇಳಿದೆ. ಎಲ್ಲವನ್ನೂ ಅಳೆಯೋ ಮಹಾಶಯ, ಅದೊಂದನ್ನ ಮಾತ್ರ ಹೇಳೋಕಾಗಲ್ಲ ಅಂತಾನೆ.

"ನಂದು... ನಂದು ತಾಯಿ. ನಾನು ಬರೆದಿದ್ದು."

ಗಾಜು ಮೇಲಕ್ಕೇರಿತು. ಟಿಕ್ ಟಕ್ ನಿಂತಿತು. 'ಟಳಕ್' ಅಂತ ಒಂದು ಸದ್ದು, ಆಮೇಲೆ ಮತ್ತೆ ಟಿಕ್... ಟಕ್... ಕಾರು ಊರಿನ ಕಡೆ ತಿರುಗಿತು. ಇವನು ಕಣ್ಣೊರೆಸಿಕೊಂಡು ನೋಡೋಷ್ಟರಲ್ಲಿ ರಸ್ತೆ ಖಾಲಿ.

ಮನೆಗೆ ಹೋಗಲಿಲ್ಲ. ಬಂದ ದಾರೀಲೇ ವಾಪಸ್ ಓಡಿದ. ಲಾಡ್ಜಿನ ಮೂರನೇ ನಂಬರ್ ಬಾಗಿಲು ಬಡಿದ. ಆ ತಾಯಿ ಬಾಗಿಲು ತೆಗೆದರು. ಇನ್ನೂ ಮಲಗಿರಲಿಲ್ಲ. ಇವನು ಹೊಸ್ತಿಲಲ್ಲೇ ಕುಸಿದು ಕೂತು ಎಲ್ಲಾ ಹೇಳಿದ. ಮೇಜಿನ ಮುಂದೆ ಕೂತು ಬರೆದಿದ್ದು, ಸುಟ್ಟಿದ್ದು, ಎಲ್ಲಾ. ಹೊಡೀತಾರೆ, ಬೈತಾರೆ ಅಂದ್ಕೊಂಡಿದ್ದ. ಹೊಡೆದಿದ್ರೇ ಚೆನ್ನಾಗಿತ್ತು ಅಂತಾನೆ ಈಗಲೂ.

ಅವರೂ ಅಲ್ಲೇ ನೆಲದ ಮೇಲೆ ಕೂತರು. ಆಮೇಲೆ ಒಂದೇ ಕೇಳಿದರು.

"ಅಂದ್ರೆ... ಅವಳ ಕೈಲಿದ್ದಿದ್ದು ಬರೋ ಚೀಟಿ?"

"ಹೌದಮ್ಮ."

"ಹಾಗಾದ್ರೆ ನನ್ನ ಮಗಳು ವಾಪಸ್ ಬರ್ತಿದ್ದಳು."

ಅಷ್ಟು ಅಂದವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಎಂಟು ತಿಂಗಳಿಂದ ಅತ್ತಿರಲಿಲ್ಲವಂತೆ. ಅತ್ತು ಮುಗಿಸಿ, "ಬರೆದು ಕೊಡಪ್ಪ" ಅಂದರು. ಬರೆದು ಕೊಟ್ಟ, ಸಹಿ ಹಾಕಿದ. ಅದೇ ಕಾಗದ ಪೊಲೀಸರ ಹತ್ತಿರ ಹೋಯ್ತು. ಕೆಲಸ ಹೋಯ್ತು, ಕೇಸೂ ಆಯ್ತು, ಕೋರ್ಟಿಗೆ ಇನ್ನೂ ಅಲೀತಿದ್ದಾನೆ. ಆದ್ರೆ ಆ ಹುಡುಗಿ ಬಗ್ಗೆ ಕೆಟ್ಟ ಮಾತಾಡಿದ್ದ ಬಾಯಿಗಳೆಲ್ಲ ಮುಚ್ಚಿಕೊಂಡವು.

ಕನಸು ಕಂಡಿರ್ತಾನೆ ಅಂತೀರಾ? ಮನಸ್ಸಿನ ಅಳುಕು ಅಂತೀರಾ? ನಾನೂ ಹಾಗೇ ಅಂದಿದ್ದೆ.

ಬೆಳಿಗ್ಗೆ ಆ ತಾಯಿ, ಒಂದು ಸಲ ಕಾರು ನೋಡ್ತೀನಿ ಅಂದರು. ಅದು ಆಫೀಸಿನ ಹಿಂದೆ ಟಾರ್ಪಾಲು ಹೊದ್ದುಕೊಂಡು ನಿಂತಿತ್ತು. ನೀರಿಂದ ಎಳೆದ ದಿನವೇ ಬ್ಯಾಟರಿ ಬಿಚ್ಚಿದ್ರು. ಇಂಡಿಕೇಟರ್ ಲಿವರ್ ತುಕ್ಕು ಹಿಡಿದು ಬಲಕ್ಕೇ ಕಚ್ಚಿಕೊಂಡಿತ್ತು, ಮೆಕ್ಯಾನಿಕ್ ಎರಡು ಕೈಲಿ ಎಳೆದ್ರೂ ಬಂದಿರಲಿಲ್ಲ. ಪೊಲೀಸರು ತೆಗೆದ ಫೋಟೋದಲ್ಲೂ ಬಲಕ್ಕೇ ಇದೆ. ಗೇಟಿನ ಬೀಗ ಮಾಲೀಕರೇ ತೆಗೆದರು, ಟಾರ್ಪಾಲಿನ ಹಗ್ಗ ಮೆಕ್ಯಾನಿಕ್ಕೇ ಬಿಚ್ಚಿದ.

ಲಿವರ್ ಎಡಕ್ಕಿತ್ತು.

ದೇವರಾಣೆ, ಹೋದ ವಾರ ನಾನೇ ಹೋಗಿ ನೋಡ್ಕೊಂಡು ಬಂದೆ. ಈಗಲೂ ಎಡಕ್ಕೇ ಇದೆ.